ಮೂರನೇ ತರಗತಿಯ ಎಲುಬಿನ ಪಾಠ

ಎಲುಬನ್ನು ಗಟ್ಟಿಮಾಡುವ ಯಾವುದಾದರೂ ಒಂದು ವಸ್ತುವನ್ನು ಮನೆಯಿಂದ ತನ್ನಿ ಎಂದು ಅನಾಂಡೆ ಶುಕ್ರವಾರ ತನ್ನ ತರಗತಿಯ ಮಕ್ಕಳಿಗೆ ಹೇಳಿ ಕಳಿಸಿದ್ದಳು. ಸೋಮವಾರ ಬೆಳಿಗ್ಗೆ ಅವಳ ಮೇಜಿನ ಮೇಲೆ ಒಂದು ಸೀಸೆ ಹಾಲು, ಎರಡು ಕಟ್ಟು ಸೊಪ್ಪು, ಕಾಗದದ ಪೊಟ್ಟಣದಲ್ಲಿ ಒಂದಿಷ್ಟು ಒಣಮೀನು ಇದ್ದವು. ಉಳಿದದ್ದೆಲ್ಲ ಮಗಾಡಿ.

ಬೆಟ್ಟದ ಕೆಳಗಿನ ಸರೋವರದ ದಂಡೆಯಲ್ಲಿ ಬಿಸಿಲಿಗೆ ಹೆಪ್ಪುಗಟ್ಟುವ ಸವುಳುಪ್ಪು ಅದು. ಕತ್ತೆಗಳ ಮೇಲೆ ಹೇರಿಕೊಂಡು ಬಂದು ಸಂತೆಯಲ್ಲಿ ಮಾರುತ್ತಾರೆ. ಒಂದು ಚೂರು ಹಾಕಿದರೆ ಎಂಥ ಹಳೇ ಕಾಳೂ ಬೆಣ್ಣೆಯ ಹಾಗೆ ಬೇಯುತ್ತದೆಂದು ಮೇರು ಬೆಟ್ಟದ ಈ ತಪ್ಪಲಲ್ಲಿ ಅದಿಲ್ಲದೆ ಯಾರೂ ಒಲೆಯ ಮೇಲೆ ಪಾತ್ರೆ ಇಡುವುದಿಲ್ಲ. ಬೂದುಬಣ್ಣದ ಹೆಂಟೆಗಳು, ಪುಡಿಗಳು, ಬಾಳೆಲೆಯ ತುಂಡಿನಲ್ಲಿ ಕಟ್ಟಿದ ಚೂರುಗಳು. ಅನಾಂಡೆ ಎಣಿಸಿದಳು. ನಲವತ್ತಮೂರು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಕ್ಕಳು ತಂದಿದ್ದು ಅದನ್ನೇ.

"ಇದನ್ನ ತಗೊಂಡು ಹೋಗು ಅಂತ ಯಾರು ಹೇಳಿದ್ರು?"

"ಅಮ್ಮ!"

"ಅಜ್ಜಿ, ಟೀಚರ್!"

"ಯಾರೂ ಹೇಳ್ಲಿಲ್ಲ, ನಾನೇ ಕದ್ದು ತಂದೆ," ಎಂದ ಗಾಡ್‌ಬ್ಲೆಸ್ ಎಂಬ ಹುಡುಗ. ತರಗತಿ ನಕ್ಕಿತು. ಅನಾಂಡೆ ನಗಲಿಲ್ಲ. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಮಗಾಡಿಯಿಂದ ಎಲುಬು ಗಟ್ಟಿಯಾಗುತ್ತೆ ಅಂತ ಯಾರಿಗನ್ಸುತ್ತೆ? ಎದ್ದು ನಿಂತು ಹೇಳಿ."

ಎಲ್ಲರಿಗಿಂತ ದೊಡ್ಡ ಹೆಂಟೆ ತಂದಿದ್ದ ನಾಯೆಲಿ ಎದ್ದಳು. ಎಂಟು ವರ್ಷದ ಹುಡುಗಿ. ಎದ್ದು ನಿಂತರೆ ಅವಳ ಎರಡು ಮಂಡಿಗಳು ಒಂದನ್ನೊಂದು ತಾಗುತ್ತಿದ್ದವು, ಪಾದಗಳು ಮಾತ್ರ ದೂರದೂರ. ಹೋದ ವರ್ಷ ಇಷ್ಟು ಇರಲಿಲ್ಲ. ಅನಾಂಡೆ ಇದನ್ನು ದಿನವೂ ನೋಡುತ್ತಿದ್ದಳು, ದಿನವೂ ಮನಸ್ಸಿನಲ್ಲೇ ಅಳೆಯುತ್ತಿದ್ದಳು.

"ಅದಕ್ಕೆ ತುಂಬಾ ಶಕ್ತಿ ಇದೆ, ಟೀಚರ್. ಹಸು ನೆಕ್ಕುತ್ತೆ. ಹಸುವಿನ ಕಾಲು ನೋಡಿದ್ದೀರಲ್ಲ, ಎಷ್ಟು ನೆಟ್ಟಗಿರುತ್ತೆ! ಅದಕ್ಕೇ ನಮ್ಮಜ್ಜಿ ನನ್ನ ಗಂಜಿಗೆ ಎಲ್ಲರಿಗಿಂತ ಎರಡು ಚಿಟಿಕೆ ಜಾಸ್ತಿ ಹಾಕ್ತಾಳೆ. ಕಾಲು ನೆಟ್ಟಗಾಗ್ಲಿ ಅಂತ."

ಅನಾಂಡೆಯ ಕಿವಿ ಬಿಸಿಯಾಯಿತು. ಮೇಜಿನ ಕೆಳಗಿದ್ದ ಕಸದ ಬಕೆಟ್ಟನ್ನು ಎಳೆದು, ಮೊಣಕೈಯಿಂದ ಮಗಾಡಿಯನ್ನೆಲ್ಲ ಅದರೊಳಕ್ಕೆ ಸವರಿಹಾಕಿದಳು. ಹೆಂಟೆಗಳು ದಡದಡನೆ ಬಿದ್ದವು. ಹಾಲಿನ ಸೀಸೆ ಉರುಳಿತು, ಮೀನು ನೆಲಕ್ಕೆ ಚೆಲ್ಲಿತು. ಮಕ್ಕಳು ಉಸಿರು ಹಿಡಿದು ಕೂತರು. ನಾಯೆಲಿ ಮಾತ್ರ ಕಾಲು ಎಳೆಯುತ್ತ ಮುಂದೆ ಬಂದು, ಬಕೆಟ್ಟಿಗೆ ಕೈಹಾಕಿ ತನ್ನ ಹೆಂಟೆಯನ್ನು ಹುಡುಕಿ ತೆಗೆದಳು.

"ಇದು ಮಾರೋದು, ಟೀಚರ್. ಪಾಠ ಆದ್ಮೇಲೆ ವಾಪಸ್ ತಗೊಂಡು ಬಾ ಅಂದಿದ್ದಾಳೆ ಅಜ್ಜಿ."

ಲಂಗದ ಅಂಚಿನಲ್ಲಿ ಅದನ್ನು ಒರೆಸಿಕೊಂಡು ಹೋಗಿ ಕೂತಳು. ಅನಾಂಡೆಗೆ ನಾಚಿಕೆಯಾಯಿತು. ಆದರೆ ಸಿಟ್ಟು ಇಳಿಯಲಿಲ್ಲ.

ಆ ಸಿಟ್ಟಿನಲ್ಲೇ ಅವಳು ಹತ್ತೂವರೆಯ ಬಿಡುವಿನಲ್ಲಿ ಟೀಚರುಗಳ ಕೋಣೆಗೆ ಹೋದಳು. ಹೆಡ್‌ಮಾಸ್ಟರ್ ಅಕ್ಯೋ ಅವಳಿಗಾಗಿಯೇ ಕಾಯುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲ. ಶಾಲೆಯ ಮಾಡಿಗೆ ತಗಡು ಹಾಕಿಸಲು ಅರೂಷಾ ಪಟ್ಟಣದ ಕಚೇರಿಗಳ ಮೆಟ್ಟಿಲು ಸವೆಸಿದವರು. ಆದರೆ ಮೇಲಿನವರ ಪತ್ರ ಬಂದರೆ ಅವರ ಬೆನ್ನು ತಾನಾಗಿಯೇ ಬಗ್ಗುತ್ತಿತ್ತು.

"ಗುರುವಾರ ಜಿಲ್ಲೆಯಿಂದ ಅಧಿಕಾರಿ ಬರ್ತಾರೆ, ಅನಾಂಡೆ ಟೀಚರ್. ಎಲುಬಿನ ಪಾಠ ನೋಡ್ತಾರಂತೆ. ನಿಮ್ಮ ತರಗತೀನೇ ಆರಿಸಿದ್ದೀನಿ. ಮಕ್ಕಳ ಕಡೆಯವರನ್ನೂ ಕರೆದಿದ್ದೀನಿ." ಹೊಸ ಪುಸ್ತಕವನ್ನು ಅವಳತ್ತ ತಳ್ಳಿದರು. ಮುಖಪುಟದಲ್ಲಿ ಹಾಲಿನ ಲೋಟ ಹಿಡಿದು ನಗುವ ಹುಡುಗ; ಅವನ ಹಲ್ಲು ಸುಣ್ಣದಷ್ಟು ಬಿಳಿ. "ಹಾಲು ಕುಡಿಯಬೇಕು. ಬಿಸಿಲಿಗೆ ಬರಬೇಕು. ಓಡಿ ಆಡಬೇಕು. ಮೂರೇ ಮಾತು. ಒಂದು ಹಾಡೂ ಇದೆ, ಕಲಿಸಿಬಿಡಿ."

"ಇದರಲ್ಲಿ ನಮ್ಮ ನೀರಿನ ಮಾತೇ ಇಲ್ಲವಲ್ಲ ಸಾರ್. ಮಗಾಡಿ ಮಾತೂ ಇಲ್ಲ."

"ಪುಸ್ತಕದಲ್ಲಿ ಇರೋದನ್ನ ಕಲಿಸಿ ಸಾಕು."

"ಎರಡರಲ್ಲೂ ಫ್ಲೋರೈಡ್ ಇದೆ ಅಂತ ನಿಮಗೂ ಗೊತ್ತು. ನಾಯೆಲಿ ಕಾಲು ನೋಡಿದ್ದೀರಿ. ಗಾಡ್‌ಬ್ಲೆಸ್ ಕಾಲು, ಐದನೇ ತರಗತಿಯಲ್ಲಿ ನಾಲ್ಕು ಜನ..."

"ನೋಡಿದ್ದೀನಿ, ನೋಡಿದ್ದೀನಿ." ಅಕ್ಯೋ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅದಕ್ಕೇ ಹೇಳೋಣ ಅಂತಿದ್ದೆ. ಗುರುವಾರ ಆ ಮಕ್ಕಳನ್ನ ಹಿಂದಿನ ಬೆಂಚಲ್ಲಿ ಕೂರಿಸಿ. ಹಾಡು ಹೇಳುವಾಗ ಎದ್ದು ನಿಲ್ಲೋದು ಬೇಡ ಅವರು. ಕೂತೇ ಹೇಳಲಿ. ಅವರಿಗೇ ಕಷ್ಟ, ಪಾಪ."

ಅನಾಂಡೆ ಮುಂದಿದ್ದ ಚಹಾದ ಲೋಟ ಎತ್ತಿಕೊಂಡು ಹೊರಗೆ ಬಂದಳು.

ನೆಟ್ಟಗೆ ಅಡುಗೆಮನೆಗೆ ಹೋದಳು. ಅಲ್ಲಿ ಅಡುಗೆಯವಳು ತುಮ್ಸಿಫು, ಮುನ್ನೂರು ಮಕ್ಕಳ ಹಂಡೆಯ ಮುಂದೆ ನಿಂತು, ದೋಣಿಯ ಹುಟ್ಟಿನಷ್ಟು ಉದ್ದದ ಸೌಟಿನಿಂದ ಮೆಕ್ಕೆಜೋಳ ಮತ್ತು ಕಾಳಿನ ಮಕಾಂಡೆ ತಿರುವುತ್ತಿದ್ದಳು. ಒಲೆಯ ಕಟ್ಟೆಯ ಮೇಲೆ ಒಂದು ಬೋಗುಣಿ ಮಗಾಡಿ ಪುಡಿ.

"ನಾಳೆಯಿಂದ ಇದನ್ನ ಹಾಕಬೇಡ, ತುಮ್ಸಿಫು."

"ಯಾಕೆ ಟೀಚರಮ್ಮ, ನಾಳೆಯಿಂದ ಮಕ್ಕಳು ಹಸಿ ಕಾಳು ತಿಂತಾರಾ?"

"ಹಿಂದಿನ ದಿನವೇ ನೆನೆಹಾಕು. ಬೇಯುತ್ತೆ."

"ಬೇಯುತ್ತೆ, ಬೇಯುತ್ತೆ. ಎಷ್ಟು ಹೊತ್ತಿಗೆ? ಮಕ್ಕಳು ಮನೆಗೆ ಹೋದ್ಮೇಲೆ. ಸೌದೆ ನೀವು ಹೊತ್ತು ತರ್ತೀರಾ? ಒಬ್ಬೊಬ್ಬ ಮಗು ಒಂದೊಂದು ಕಡ್ಡಿ ತರುತ್ತೆ. ಅದರಲ್ಲಿ ಇಷ್ಟು ದೊಡ್ಡ ಹಂಡೆ!" ಸೌಟನ್ನು ಅಂಚಿಗೆ ಬಡಿದಳು. "ಮತ್ತೆ, ಯಾವ ನೀರಲ್ಲಿ ನೆನೆಹಾಕ್ಲಿ? ನೆಲದಿಂದ ಉಕ್ಕೋ ಊಟೆಯ ನೀರಲ್ಲೇ ಅಲ್ವಾ? ಅದೇ ವಿಷ ಅಂತ ನೀವೇ ತಾನೇ ಗೊಣಗೋದು?"

"ತೊಟ್ಟಿಯಲ್ಲಿ ಮಳೆ ನೀರಿದೆಯಲ್ಲ."

ತುಮ್ಸಿಫು ತಿರುವುವುದನ್ನು ನಿಲ್ಲಿಸಿದಳು. ಅನಾಂಡೆಯ ಕೈಯಲ್ಲಿದ್ದ ಲೋಟವನ್ನು ನೋಡಿದಳು, ಆಮೇಲೆ ಅವಳ ಮುಖವನ್ನು.

"ಇದೆ. ಬೀಗವೂ ಇದೆ. ದಿನಾ ಎರಡು ಕೊಡ ಹಿಡಿದು ಕೊಡ್ತಾರೆ, ನಿಮ್ಮೆಲ್ಲರ ಚಹಾಕ್ಕೆ. ಊಟೆ ನೀರಿನ ಚಹಾ ಸವುಳು ಹೊಡೆಯುತ್ತೆ ಅಂತ ಹಿಂದಿದ್ದ ಟೀಚರುಗಳು ಗಲಾಟೆ ಮಾಡಿದ್ರು, ಆವತ್ತಿಂದ. ನಿಮಗೆ ಆಕಾಶದ ನೀರು, ಈ ಕೂಸುಗಳಿಗೆ ನೆಲದ ನೀರು. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅನಾಂಡೆ ಹೇಳಲಿಲ್ಲ. ಆರು ವರ್ಷದಿಂದ ಇಲ್ಲಿಯ ಚಹಾ ಮನೆಯ ಚಹಾಕ್ಕಿಂತ ರುಚಿಯಾಗಿದೆ ಎಂದು ನಾಲಿಗೆಗೆ ತಿಳಿದಿತ್ತು. ಯಾಕೆ ಎಂದು ಕೇಳಿರಲಿಲ್ಲ, ಅಷ್ಟೆ. ಲೋಟದಲ್ಲಿದ್ದುದನ್ನು ಬೂದಿಗುಂಡಿಗೆ ಸುರಿದಳು.

ಊಟೆಯ ನೀರಲ್ಲಿ ಫ್ಲೋರೈಡ್ ಇರುವುದು ಮೂರನೇ ತರಗತಿಯ ಟೀಚರಿಗೆ ಗೊತ್ತಿಲ್ಲದ ವಿಷಯವಲ್ಲ. ಟೀಚರ್ ಟ್ರೈನಿಂಗ್ ಕಾಲೇಜಿನ ಎರಡನೇ ವರ್ಷದಲ್ಲಿ ಒಬ್ಬರು ಪರದೆಯ ಮೇಲೆ ಚಿತ್ರ ತೋರಿಸಿದ್ದರು: ಕಂದು ಗೆರೆ ಬಿದ್ದ ಹಲ್ಲುಗಳು, ಬಾಗಿದ ಕಾಲುಗಳು. ಇಡೀ ಕ್ಲಾಸು ತಿರುಗಿ ಅವಳ ಬಾಯಿಯನ್ನು ನೋಡಿತ್ತು. ಅವತ್ತಿನಿಂದ ಅವಳು ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ನೀರಿನ ಮಾತು ಎತ್ತಿದಾಗ, ಹಿಂದೆ ಹೀಗೇ ಮಾತೆತ್ತಿದ ಟೀಚರಿಗೆ ಯಾವ ಊರಿಗೆ ವರ್ಗವಾಯಿತೆಂದು ಯಾರೋ ಹೇಳಿದರು. ಬಸ್ಸೂ ಹೋಗದ ಊರು. ಅವಳು ಸುಮ್ಮನಾದಳು. ಹೇಳಬೇಕಾದವರು ಯಾರಾದರೂ ಹೇಳುತ್ತಾರೆ ಎಂದುಕೊಂಡಳು. ಆರು ವರ್ಷ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಅವಳು ನಾಯೆಲಿಯ ಮನೆಗೆ ಹೋದಳು. ನಾಯೆಲಿಯ ತಾಯಿ ಹೆರಿಗೆಯಲ್ಲಿ ಹೋಗಿದ್ದಳು. ಸಾಕುತ್ತಿದ್ದವಳು ಅಜ್ಜಿ ಎಲಿಯಾಮನಿ. ಅಂಗಳದ ಬಾಳೆಗಿಡಗಳ ನೆರಳಲ್ಲಿ ಗೋಣಿಚೀಲ ಹಾಸಿ, ಮುದುಕಿ ಮಗಾಡಿಯನ್ನು ಕಲ್ಲಿನಿಂದ ಜಜ್ಜಿ ಸಂತೆಗೆ ಗುಡ್ಡೆ ಮಾಡುತ್ತಿದ್ದಳು. ಅವಳ ಕುತ್ತಿಗೆ ತಿರುಗುತ್ತಿರಲಿಲ್ಲ. ಯಾರನ್ನಾದರೂ ನೋಡಬೇಕಾದರೆ ಕೂತಲ್ಲೇ ಇಡೀ ಮೈ ತಿರುಗಿಸಬೇಕಿತ್ತು.

"ಶಿಕಾಮೂ, ಅಜ್ಜಿ," ಎಂದು ಅನಾಂಡೆ ನಮಸ್ಕರಿಸಿದಳು.

ಹಿರಿಯರು ಇದಕ್ಕೆ 'ಮರಹಬಾ' ಎಂದು ಮರುನುಡಿಯಬೇಕು. ಶತ್ರುವಿಗೂ ಅನ್ನುತ್ತಾರೆ. ಎಲಿಯಾಮನಿ ಅನ್ನಲಿಲ್ಲ. ಅನಾಂಡೆಯ ಮುಖಕ್ಕೆ ಯಾರೋ ಬಾಗಿಲು ಹಾಕಿದಂತಾಯಿತು.

"ನನ್ನ ಸರಕನ್ನ ಕಸದ ಬಕೆಟ್ಟಿಗೆ ಹಾಕಿದ ಟೀಚರು ನೀನೇ ಏನು?"

"ನಾನೇ. ಹಾಗೆ ಹಾಕಬಾರದಿತ್ತು. ಆದರೆ ಅಜ್ಜಿ, ನಾಯೆಲಿ ಗಂಜಿಗೆ ಅದನ್ನ ಹಾಕಬೇಡಿ. ಒಂದು ಚಿಟಿಕೆಯೂ ಬೇಡ. ಕಾಲು ಬಾಗ್ತಿರೋದೇ ಅದರಿಂದ. ಅದರಿಂದ, ಮತ್ತೆ ಊಟೆ ನೀರಿಂದ."

ಮುದುಕಿ ಕಲ್ಲನ್ನು ಕೆಳಗಿಟ್ಟಳು.

"ನನ್ನ ಅತ್ತೆ ಹಾಕಿದ್ಲು, ನಾನು ಹಾಕಿದೆ. ನೀನೂ ಇದನ್ನೇ ತಿಂದು ಬೆಳೆದೋಳು. ಓದ್ಲಿಲ್ವಾ? ಸಂಬಳ ತಗೊಳ್ತಿಲ್ವಾ?"

ಅನಾಂಡೆ ಬಾಯಿಗೆ ಕೈ ಅಡ್ಡ ಹಿಡಿಯದೆ ತುಟಿಯನ್ನು ಎರಡು ಬೆರಳಿನಿಂದ ಎತ್ತಿ ತೋರಿಸಿದಳು. ಹಾಗೆ ಯಾರಿಗೂ ತೋರಿಸಿರಲಿಲ್ಲ. "ಈ ಕಂದು ಗೆರೆಗಳು ಅದರದೇ ಗುರುತು. ನಿಮ್ಮ ಕುತ್ತಿಗೆಯೂ ಅದರಿಂದಲೇ."

"ನನ್ನ ಕುತ್ತಿಗೆ ಹೊರೆ ಹೊತ್ತು ಹೀಗಾಗಿದ್ದು!"

"ನಿಮ್ಮಷ್ಟೇ ಹೊರೆ ಹೊತ್ತ ಬೇರೆ ಊರಿನ ಮುದುಕಿಯರು ತಲೆ ತಿರುಗಿಸಿ ನೋಡ್ತಾರೆ, ಅಜ್ಜಿ."

ಎಲಿಯಾಮನಿ ಮತ್ತೆ ಮಾತಾಡಿದಾಗ ದನಿ ಬೇರೆಯೇ ಆಗಿತ್ತು. ಅದರಲ್ಲಿದ್ದ ಸಿಟ್ಟು ಅನಾಂಡೆಯ ಮೇಲಿನದಷ್ಟೇ ಅಲ್ಲ.

"ನಾನು ಮದುವೆಯಾಗಿ ಬಂದ ವರ್ಷ ಕಾರಲ್ಲಿ ಬಂದಿದ್ರು. ಮಕ್ಕಳ ಕಾಲಿಗೆ ಟೇಪು ಹಿಡಿದ್ರು. ಉಚ್ಚೆಯನ್ನ ಶೀಶೆಯಲ್ಲಿ ತುಂಬ್ಕೊಂಡು ಹೋದ್ರು. ಆಮೇಲೂ ಬಂದ್ರು, ಬೇರೆಯೋರು. ನನ್ನ ಮಗಳ ಹಲ್ಲಿನ ಫೋಟೋ ತೆಗೆದ್ರು, ಬಿಸ್ಕತ್ತು ಕೊಟ್ರು. ಬಾಯಿ ತೆಗಿ ಅಂದ್ರು, ಮುಚ್ಚು ಅಂದ್ರು. ಯಾಕೆ ಅಂತ ಒಬ್ಬ, ಒಬ್ಬನೇ ಒಬ್ಬ ನನ್ನ ಅಂಗಳದಲ್ಲಿ ಕೂತು ಹೇಳ್ಲಿಲ್ಲ. ಅವರಿಗೆಲ್ಲ ಗೊತ್ತಿತ್ತು ಅಂತೀಯಾ ನೀನು?"

"ಗೊತ್ತಿತ್ತು."

"ಮತ್ತೆ ನಾನು ಈ ಕೂಸಿಗೆ ಎರಡು ಚಿಟಿಕೆ ಜಾಸ್ತಿ ಹಾಕ್ತಾ ಬಂದೆ." ಮುದುಕಿ ತನ್ನ ಬಿಳಿಚಿದ ಅಂಗೈ ನೋಡಿಕೊಂಡಳು. "ನನ್ನ ಕೈಯಾರೆ. ಮುದ್ದು ಮಾಡ್ಕೊಂಡು."

ಅನಾಂಡೆ ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟಳು.

"ಅಲ್ಲೇ ನಿಲ್ಲು. ನನ್ನಂಥ ಮುದುಕಿಗೆ ನನ್ನ ಅಂಗಳದಲ್ಲಿ ಇದನ್ನ ಹೇಳೋದು ಸುಲಭ ಕಣಮ್ಮ. ಗುರುವಾರ ದೊಡ್ಡವರು ಬರ್ತಾರಂತಲ್ಲ, ಅವರ ಮುಂದೆ ಹೇಳ್ತೀಯಾ? ನಾನೂ ಬರ್ತೀನಿ. ಹೇಳಿದ್ರೆ ನಂಬ್ತೀನಿ. ಹಾಡು ಹೇಳಿಸಿದ್ರೆ, ನೀನೂ ಟೇಪು ಹಿಡ್ಕೊಂಡು ಬಂದೋಳೇ."

ಗುರುವಾರ ಬಂತು. ಮೊದಲನೆಯ ಬೆಂಚಿನಲ್ಲಿ ಕೂರಿಸಲು ಅನಾಂಡೆ ಯಾರನ್ನು ಆರಿಸಿದಳೆಂದು ನೋಡಿದ ಕೂಡಲೇ ಹೆಡ್‌ಮಾಸ್ಟರ್ ಅಕ್ಯೋ ಕೈಸನ್ನೆ ಮಾಡಿದರು: ಹಿಂದೆ, ಹಿಂದೆ. ಅವಳು ಕಾಣದವಳಂತೆ ಹಲಗೆಯ ಕಡೆ ತಿರುಗಿದಳು. ನಾಯೆಲಿ ಮುಂದೆಯೇ ಕೂತಳು, ಪಕ್ಕದಲ್ಲಿ ಗಾಡ್‌ಬ್ಲೆಸ್. ಅಧಿಕಾರಿ ಹೊಸ ಕೋಟಿನ ಎಳೆಯ ಮನುಷ್ಯ. ಮಕ್ಕಳು ಎದ್ದು ಒಂದೇ ದನಿಯಲ್ಲಿ "ಶಿಕಾಮೂ" ಎಂದಾಗ ಅವನು ನಗುತ್ತ "ಮರಹಬಾ" ಎಂದು ಕುರ್ಚಿಯಲ್ಲಿ ಕೂತ. ಗೋಡೆಯ ಬದಿಗೆ ತಾಯಂದಿರು, ಅಜ್ಜಿಯರು. ಎಲಿಯಾಮನಿ ಬಾಗಿಲ ಹತ್ತಿರ ನಿಂತೇ ಇದ್ದಳು.

ಅನಾಂಡೆ ಮೇಜಿನ ಮೇಲೆ ನೀರು ತುಂಬಿದ ಎರಡು ಲೋಟ ಇಟ್ಟಳು. ರಾತ್ರಿಯೆಲ್ಲ ಒಂದೊಂದು ಮಾತನ್ನೂ ತೂಗಿ ಜೋಡಿಸಿಕೊಂಡಿದ್ದಳು. ಈಗ ಅರ್ಧ ಮರೆತುಹೋಗಿತ್ತು.

"ಎಲುಬಿಗೆ ಹಾಲು ಒಳ್ಳೇದು. ಸೊಪ್ಪು ಒಳ್ಳೇದು, ಮುಳ್ಳಿನ ಸಮೇತ ಅಗಿಯೋ ಸಣ್ಣ ಮೀನು ಒಳ್ಳೇದು, ಬಿಸಿಲು ಒಳ್ಳೇದು. ಸೋಮವಾರ ಸೊಪ್ಪು, ಮೀನು, ಹಾಲು ತಂದಿದ್ದವರು ಸರಿಯಾದದ್ದೇ ತಂದಿದ್ರಿ. ನಾನು ಚೆಲ್ಲಿಬಿಟ್ಟೆ, ಅದು ನನ್ನ ತಪ್ಪು. ಆದ್ರೆ ನಮ್ಮೂರಲ್ಲಿ ಪಾಠ ಇಷ್ಟಕ್ಕೇ ಮುಗಿಯಲ್ಲ." ಅವಳು ಅಧಿಕಾರಿಯ ಕಡೆ ತಿರುಗಿದಳು. "ಸಾರ್, ಈ ಎರಡೂ ನೀರು ನಮ್ಮ ಶಾಲೇದೇ. ಒಂದನ್ನ ಮಕ್ಕಳು ಕುಡೀತಾರೆ, ಇನ್ನೊಂದನ್ನ ಟೀಚರುಗಳು. ದಯವಿಟ್ಟು ರುಚಿ ನೋಡಿ, ಯಾವುದು ಯಾರದ್ದು ಹೇಳಿ."

"ಅನಾಂಡೆ ಟೀಚರ್," ಎಂದರು ಅಕ್ಯೋ.

ಅಧಿಕಾರಿ ಅದನ್ನು ಆಟವೆಂದುಕೊಂಡ. ಮೊದಲ ಲೋಟದಿಂದ ಒಂದು ಗುಟುಕು ಕುಡಿದು ತಲೆದೂಗಿದ. ಎರಡನೆಯದನ್ನು ಬಾಯಿಗೆ ಹಾಕಿಕೊಂಡವನ ಮುಖ ಸಿಂಡರಿಸಿತು. ನುಂಗಲಾರದೆ, ಉಗುಳಲಾರದೆ, ಕರವಸ್ತ್ರ ಹುಡುಕಿದ.

"ಅದು ನಮ್ದು!" ಎಂದು ಗಾಡ್‌ಬ್ಲೆಸ್ ಕೂಗಿದ. "ಸಾರ್, ಅಭ್ಯಾಸ ಆಗುತ್ತೆ!"

ಯಾರೂ ನಗಲಿಲ್ಲ.

"ಆ ನೀರಲ್ಲಿ ಫ್ಲೋರೈಡ್ ಇದೆ," ಅನಾಂಡೆಯ ದನಿ ಇನ್ನೂ ಇಳಿಯಿತು. ಹಿಂದಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. "ಮಗಾಡಿಯಲ್ಲೂ ಇದೆ. ಅದು ಬೆಳೆಯೋ ಎಲುಬಿಗೆ ಸೇರುತ್ತೆ, ಬಗ್ಗಿಸುತ್ತೆ. ಇದನ್ನ ಜಿಲ್ಲೆಯವರು ಬಲ್ಲರು. ಹೆಡ್‌ಮಾಸ್ಟರ್ ಬಲ್ಲರು. ನಾನೂ ಬಲ್ಲೆ. ಈ ಗೋಡೆ ಬದಿ ನಿಂತಿರೋ ತಾಯಂದಿರಿಗೆ ಮಾತ್ರ ಗೊತ್ತಿಲ್ಲ."

"ಇದು ಪುಸ್ತಕದಲ್ಲಿಲ್ಲ," ಎಂದ ಅಧಿಕಾರಿ, ಬಾಯೊರೆಸಿಕೊಳ್ಳುತ್ತ. "ನೀರು ನಮ್ಮ ಇಲಾಖೆಗೆ ಬರಲ್ಲ. ನಾನು ಪಾಠ ನೋಡೋಕೆ ಬಂದಿದ್ದು."

"ಇದೇ ಪಾಠ ಸಾರ್."

"ಅನಾಂಡೆ ಟೀಚರ್, ಸಾಕು ಮಾಡಿ!" ಅಕ್ಯೋ ಎದ್ದು ನಿಂತಿದ್ದರು. "ತೊಟ್ಟಿ ನೀರು ಮುನ್ನೂರು ಮಕ್ಕಳಿಗೆ ಸಾಲಲ್ಲ. ಲೆಕ್ಕ ಹಾಕಿದ್ದೀನಿ, ಹನ್ನೊಂದು ದಿನ. ಅಷ್ಟೆ. ಮಳೆಗಾಲ ಎಷ್ಟು ದೂರ ಇದೆ? ಹನ್ನೆರಡನೇ ದಿನ ಏನ್ಮಾಡ್ತೀರಿ?"

ಬಾಗಿಲ ಹತ್ತಿರದಿಂದ ಉತ್ತರ ಬಂತು. ಎಲಿಯಾಮನಿ ಇಡೀ ಮೈ ತಿರುಗಿಸಿ ಅವರಿಗೆ ಎದುರಾಗಿದ್ದಳು.

"ಹನ್ನೆರಡನೇ ದಿನ ನೀವೂ ನಮ್ಮ ಜೊತೆ ಇದನ್ನೇ ಕುಡೀರಿ, ಅಕ್ಯೋ. ಕುಡಿದು ನೋಡಿ. ಆಮೇಲೆ ಅರೂಷಾಕ್ಕೆ ಹೋದಾಗ ನಿಮ್ಮ ಬಾಯಿ ಎಷ್ಟು ಜೋರಾಗುತ್ತೆ ಅಂತ ನಾನೂ ನೋಡ್ತೀನಿ. ತಗಡಿಗೆ ಹೋಗಿ ಬಂದ್ರಲ್ಲ, ನೀರಿಗೆ ಹೋಗೋಕೆ ಕಾಲಿಲ್ವಾ? ನಿಮ್ಮ ಕಾಲು ನೆಟ್ಟಗಿದ್ಯಲ್ಲ!"

ತಾಯಂದಿರ ಸಾಲು ಅಲುಗಾಡಿತು. ಒಬ್ಬಳು ಮಗುವನ್ನು ಸೊಂಟದಿಂದ ಇಳಿಸಿ, ಅದರ ಕಾಲುಗಳನ್ನು ಎಲ್ಲರ ಎದುರಿಗೇ ಜೋಡಿಸಿ ನೋಡತೊಡಗಿದಳು. ಇನ್ನೊಬ್ಬಳು "ಬೀಗದ ಕೈ ಎಲ್ಲಿ?" ಎಂದಳು. ಮೆಲ್ಲಗೆ ಕೇಳಿದ ಮಾತು. ಮತ್ತೊಬ್ಬಳು ಅದನ್ನೇ ಜೋರಾಗಿ ಕೇಳಿದಳು. ಅಧಿಕಾರಿ ಫೈಲು ಮುಚ್ಚಿ, ಇನ್ನೊಂದು ಶಾಲೆಗೆ ಹೊತ್ತಾಯಿತೆಂದು ಎದ್ದ. ಅನಾಂಡೆಯ ಹೆಸರನ್ನು ಪೂರ್ತಿಯಾಗಿ, ಅಕ್ಷರ ಅಕ್ಷರ ಕೇಳಿ ಬರೆದುಕೊಂಡ. ಅದು ಯಾಕೆಂದು ಅವಳಿಗೆ ಗೊತ್ತಿತ್ತು. ಆದರೂ ಅಕ್ಷರ ತಪ್ಪದಂತೆ ಹೇಳಿದಳು.

ಅಕ್ಯೋ ಕಾರಿನವರೆಗೆ ಹೋಗಿ ಬಂದರು. ಅಷ್ಟರಲ್ಲಿ ಹೆಂಗಸರೆಲ್ಲ ತೊಟ್ಟಿಯ ಸುತ್ತ ನಿಂತಾಗಿತ್ತು, ತುಮ್ಸಿಫು ಸೌಟು ಹಿಡಿದೇ ಬಂದಿದ್ದಳು. ಅಕ್ಯೋ ಯಾರ ಮುಖವನ್ನೂ ನೋಡದೆ ಬೀಗದ ಕೈಯನ್ನು ಅನಾಂಡೆಯ ಕಡೆ ಚಾಚಿದರು.

"ಒಂದರಿಂದ ಮೂರನೇ ತರಗತಿಗೆ ಮಾತ್ರ. ಕುಡಿಯೋಕೆ, ಮತ್ತೆ ಅವರ ಕಾಳಿಗೆ. ಹಾಗಾದ್ರೆ ತಿಂಗಳು ಬರಬಹುದು. ನಮಗೆ ಚಹಾ ಬೇಡ." ಸ್ವಲ್ಪ ತಡೆದು, "ನಿಮ್ಮ ವರ್ಗ ತಡೆಯೋಕೆ ನನ್ನ ಕೈಲಾಗಲ್ಲ," ಎಂದರು.

"ತಡೀರಿ ಅಂತ ನಾನು ಕೇಳಿಲ್ಲ ಸಾರ್," ಎಂದಳು ಅನಾಂಡೆ.

ಸಣ್ಣ ಮಕ್ಕಳು ಸಾಲಾಗಿ ನಿಂತರು. ನಾಯೆಲಿಯ ಸರದಿ ಬಂದಾಗ ಅನಾಂಡೆ ಲೋಟ ತುಂಬಿ ಅವಳತ್ತ ಚಾಚಿದಳು. ಹುಡುಗಿ ತೆಗೆದುಕೊಳ್ಳಲಿಲ್ಲ.

"ಇದನ್ನ ಕುಡಿದ್ರೆ ನನ್ನ ಕಾಲು ನೆಟ್ಟಗಾಗುತ್ತಾ, ಟೀಚರ್?"

ಹಿಂದೆ ಅಜ್ಜಿ ನಿಂತಿದ್ದಳು. ಹೌದು ಎಂದುಬಿಡುವುದು ಸುಲಭವಿತ್ತು.

"ಗೊತ್ತಿಲ್ಲ ಮಗಳೇ. ಆಸ್ಪತ್ರೆಯಲ್ಲಿ ತೋರಿಸೋಣ. ಇನ್ನೂ ಬಗ್ಗೋದು ನಿಲ್ಲಬಹುದು. ನೆಟ್ಟಗಾಗುತ್ತೆ ಅಂತ ನಾನು ಹೇಳಲಾರೆ."

ನಾಯೆಲಿ ಅದನ್ನು ಕೇಳಿಸಿಕೊಂಡಳು. ತನ್ನ ಮಂಡಿಗಳನ್ನು ನೋಡಿಕೊಂಡಳು, ಟೀಚರ ಮಂಡಿಗಳನ್ನು ನೋಡಿದಳು. ಅವಳ ಮುಖ ನಿಧಾನವಾಗಿ ಬಿಗಿಯಿತು.

"ನಿಮಗೆ ಯಾವಾಗಿಂದ ಗೊತ್ತಿತ್ತು?"

"ನೀನು ಈ ಶಾಲೆಗೆ ಬರೋದಕ್ಕೂ ಮುಂಚೆಯಿಂದ."

"ಮತ್ತೆ ಒಂದನೇ ಕ್ಲಾಸಲ್ಲೇ ಯಾಕೆ ಹೇಳ್ಲಿಲ್ಲ? ಆಗ ನಾನು ಓಡ್ತಿದ್ದೆ!"

ಭಯವಾಗಿತ್ತು ಎಂಬ ಮಾತು ಅನಾಂಡೆಯ ನಾಲಿಗೆಯವರೆಗೆ ಬಂತು. ಎಂಟು ವರ್ಷದ ಮಗುವಿನ ಮುಂದೆ ಅದನ್ನು ಇಡುವಷ್ಟು ನಾಚಿಕೆಗೆಟ್ಟವಳಾಗಲು ಅವಳಿಂದಾಗಲಿಲ್ಲ.

ನಾಯೆಲಿ ಕಾಯ್ದಳು. ಆಮೇಲೆ ಟೀಚರ ಕೈಯಲ್ಲಿದ್ದ ಲೋಟವನ್ನು ಬಿಟ್ಟು, ತೊಟ್ಟಿಯ ಗೋಡೆಯ ಮೇಲಿದ್ದ ಬೇರೊಂದು ಲೋಟವನ್ನು ತೆಗೆದುಕೊಂಡು, ನಲ್ಲಿಯನ್ನು ತಾನೇ ತಿರುಗಿಸಿ ತುಂಬಿಕೊಂಡಳು. ಬೆನ್ನು ತಿರುಗಿಸಿ ನಿಂತು, ಗಟಗಟನೆ, ಕೊನೆಯ ಹನಿಯವರೆಗೂ ಕುಡಿದಳು.